ಸಾಯಂಕಾಲ ನಾಲ್ಕಾಗ್ತಿದ್ದಂಗೆ ಬೆಂಕಿ ಬೆಂಕಿ ಅಂತ ಕಿರುಚ್ಕೊಳ್ಳೋ ಫ್ಲೇಮ್ ಸೆನ್ಸರ್, ಏನ್ ಮಾಡ್ಲಿ?

ಸೊನ್ನೆಒಂದು · ಭಾನುವಾರ ರಾತ್ರಿ 10:12

ಎಲ್ರಿಗೂ ನಮಸ್ತೆ. ಒಂದು ವಾರದಿಂದ ಈ ಫ್ಲೇಮ್ ಸೆನ್ಸರ್ ಜೊತೆ ಗುದ್ದಾಡಿ ತಲೆ ಕೆಟ್ಟು ಕೆರ ಹಿಡಿದಿದೆ, ಅದಕ್ಕೇ ಇಲ್ಲಿ ಬರೀತಿದೀನಿ.

ನನ್ನತ್ರ ಒಂದು ಥ್ರೀಡಿ ಪ್ರಿಂಟರ್ ಇದೆ, ಒಂದೊಂದು ಪ್ರಿಂಟು ಹದಿನೈದು ಹದಿನಾರು ಗಂಟೆ ಓಡುತ್ತೆ, ಅಷ್ಟೊತ್ತು ಪಕ್ಕದಲ್ಲೇ ಕೂತ್ಕೊಳಕ್ಕಾಗಲ್ಲ ಬಿಟ್ಟು ಮಲಗಕ್ಕೂ ಭಯ. ಅದಕ್ಕೆ ಏನ್ ಮಾಡಿದೆ ಅಂದ್ರೆ ಆರ್ಡುಯಿನೊ ಯುನೊ ಅನ್ನೋ ಕೋಡ್ ಬರೆದು ಓಡಿಸೋ ಪುಟ್ಟ ಬೋರ್ಡಿಗೆ ಆ ಕಪ್ಪು ಎಲ್‌ಇಡಿ ತರ ಕಾಣೋ ಫ್ಲೇಮ್ ಸೆನ್ಸರ್ ಮಾಡ್ಯೂಲ್ ಒಂದು, ಒಂದು ಬಜರ್, ಒಂದು ರಿಲೇ (ಬೋರ್ಡ್ ಹೇಳಿದಂಗೆ ಆನ್ ಆಫ್ ಆಗೋ ಸ್ವಿಚ್) ಸೇರಿಸಿದೀನಿ. ಬೆಂಕಿ ಕಂಡ್ರೆ ಬಜರ್ ಹೊಡ್ಕೋಬೇಕು, ರಿಲೇ ಪ್ರಿಂಟರ್ ಕರೆಂಟ್ ಕಟ್ ಮಾಡ್ಬೇಕು, ಅಷ್ಟೇ. ಮಾಡ್ಯೂಲಿನ ಡಿಜಿಟಲ್ ಔಟ್‌ಪುಟ್ 7ನೇ ಪಿನ್‌ಗೆ, ಸೊನ್ನೆ ಬಂದ್ರೆ ಬೆಂಕಿ ಅಂತ ಬರ್ದಿದೀನಿ. ಲೈಟರ್ ಹಚ್ಚಿ ಮುಂದೆ ಹಿಡಿದ್ರೆ ಸೂಪರಾಗಿ ಕೆಲಸ ಮಾಡುತ್ತೆ.

ಪ್ರಾಬ್ಲಂ ಏನಪ್ಪಾ ಅಂದ್ರೆ ದಿನಾ ಸಾಯಂಕಾಲ ನಾಲ್ಕರ ಹೊತ್ತಿಗೆ ತಾನಾಗೇ ಹೊಡ್ಕೊಳಕ್ಕೆ ಶುರು, ಐದು ಕಾಲಿಗೆಲ್ಲ ತಾನಾಗೇ ಸುಮ್ನಾಗುತ್ತೆ. ನಿನ್ನೆ ಒಂದು ಪ್ರಿಂಟು 11ನೇ ಗಂಟೆಯಲ್ಲಿ ಕಟ್ ಆಗಿ ಹಾಳಾಯ್ತು. ಪ್ಲಾಸ್ಟಿಕ್ ಕರಗಿಸಿ ಬಿಡೋ ನಾಝಲ್ 210 ಡಿಗ್ರಿ ಇರುತ್ತೆ, ಅದರ ಬಿಸಿಗೇ ಸೆನ್ಸರ್ ಹೊಡ್ಕೊಳ್ತಾ ಇದ್ಯಾ?

ಮಿಣುಕು · ಭಾನುವಾರ ರಾತ್ರಿ 10:25

ಮಾಡ್ಯೂಲ್ ಮೇಲೆ ನೀಲಿ ಬಣ್ಣದ ಪುಟ್ಟ ಪಾಟ್ (ತಿರುಗಿಸೋ ಸ್ಕ್ರೂ) ಇರುತ್ತಲ್ಲ ಗುರು, ಅದನ್ನ ಸ್ವಲ್ಪ ತಿರುಗಿಸಿ ಸೆನ್ಸಿಟಿವಿಟಿ ಕಮ್ಮಿ ಮಾಡು, ಸರಿಹೋಗುತ್ತೆ.

ಸೊನ್ನೆಒಂದು · ಭಾನುವಾರ ರಾತ್ರಿ 10:31

ಮಾಡಿದೀನಿ ಬ್ರೋ. ಸಾಯಂಕಾಲ ಸುಮ್ನಿರೋ ತನಕ ತಿರುಗಿಸಿದ್ರೆ ಲೈಟರ್ ಒಂದು ಗೇಣು ದೂರ ಹಿಡಿದ್ರೂ ಕಾಣಲ್ಲ. ಅಷ್ಟಕ್ಕೆ ಸೆನ್ಸರ್ ಯಾಕೆ ಬೇಕು, ಮೂಗೇ ಸಾಕು.

ಹಳೇವೈರು · ಭಾನುವಾರ ರಾತ್ರಿ 10:50

ತಮ್ಮಾ, ನಾ ಫೈರ್ ಅಲಾರ್ಮ್ ಪ್ಯಾನೆಲ್ ಮೇಂಟೆನೆನ್ಸ್ ಮಾಡಾಂವ. ದಿನಾ ಅದೇ ಹೊತ್ತಿಗೆ ಹೊಡಕೋತೈತಿ ಅಂದ್ರ ಅದು ಸೂರ್ಯಪ್ಪನ ಕೆಲಸ, ಬ್ಯಾರೆ ಏನೂ ಅಲ್ಲ. ಮೋಡ ಇದ್ದ ದಿನ ಹೊಡಕೊಂಡಿತ್ತೇನು, ನೆನಪ ಮಾಡ್ಕೊಂಡು ಹೇಳು.

ಸೊನ್ನೆಒಂದು · ಭಾನುವಾರ ರಾತ್ರಿ 10:58

ಸರ್ ನೀವು ಹೇಳಿದ್ಮೇಲೆ ಜ್ಞಾಪಕ ಬಂತು, ಗುರುವಾರ ಮೋಡ ಇತ್ತು, ಅವತ್ತು ಹೊಡ್ಕೊಳ್ಳೇ ಇಲ್ಲ! ಆದ್ರೆ ಸೆನ್ಸರ್ ಮೇಲೆ ನೇರವಾಗಿ ಬಿಸಿಲು ಬೀಳಲ್ಲ ಸರ್, ಕಿಟಕಿಯಿಂದ ಬಂದು ಎದುರುಗಡೆ ಗೋಡೆ ಮೇಲೆ ಬೀಳುತ್ತೆ ಅಷ್ಟೇ. ಅಷ್ಟಕ್ಕೇ ಹಿಂಗಾಗುತ್ತಾ?

ಪುಲ್‌ಅಪ್ · ಭಾನುವಾರ ರಾತ್ರಿ 11:20

ಆಗುತ್ತೆ. ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಹೆಸರು ಫ್ಲೇಮ್ ಸೆನ್ಸರ್ ಅಂತಿದ್ರೂ ಅದಕ್ಕೆ ಬೆಂಕಿ ಅಂದ್ರೆ ಏನು ಅಂತ ಗೊತ್ತಿಲ್ಲ. ಆ ಕಪ್ಪು ತಲೆಯೊಳಗೆ ಇರೋದು ಒಂದು ಫೋಟೋಟ್ರಾನ್ಸಿಸ್ಟರ್, ಸುಮಾರು 760ರಿಂದ 1100 ನ್ಯಾನೊಮೀಟರ್ ಇನ್‌ಫ್ರಾರೆಡ್ (ಐಆರ್, ಕಣ್ಣಿಗೆ ಕಾಣದ) ಬೆಳಕು ಬಿದ್ರೆ ಜಾಸ್ತಿ ಕರೆಂಟ್ ಬಿಡುತ್ತೆ, ಮುಗೀತು. ಪಕ್ಕದಲ್ಲಿರೋ ಎಂಟು ಕಾಲಿನ ಎಲ್‌ಎಂ393 ಐಸಿ ಒಂದು ಕಂಪೇರೇಟರ್, ಪಾಟ್‌ನಲ್ಲಿ ನೀವಿಟ್ಟ ವೋಲ್ಟೇಜಿಗಿಂತ ಕೆಳಗೆ ಬಂತಾ ಇಲ್ವಾ ಅಂತ ನೋಡಿ ಸೊನ್ನೆ ಅಥವಾ ಒಂದು ಕೊಡುತ್ತೆ. ಬಿಸಿಲಲ್ಲಿ ಈ ಇನ್‌ಫ್ರಾರೆಡ್ ಧಾರಾಳವಾಗಿದೆ, ಬಿಳಿ ಗೋಡೆ ಅದನ್ನ ಚೆನ್ನಾಗಿ ವಾಪಸ್ ಎಸೆಯುತ್ತೆ. ಹಳೇ ಕಾಲದ ತಂತಿ ಬಲ್ಬ್, ಹ್ಯಾಲೊಜೆನ್, ಟಿವಿ ರಿಮೋಟ್, ರಾತ್ರಿ ನೋಡೋ ಕ್ಯಾಮೆರಾದ ಐಆರ್ ಎಲ್‌ಇಡಿ, ಇವೆಲ್ಲ ಅದರ ಕಣ್ಣಿಗೆ ಬೆಂಕಿಯೇ. ಮನೇಲಿ ಹಾಕೋ ಬಿಳಿ ಎಲ್‌ಇಡಿ ಬಲ್ಬಿಂದ ಮಾತ್ರ ಅಷ್ಟು ತೊಂದ್ರೆ ಇಲ್ಲ, ಅದ್ರಲ್ಲಿ ಐಆರ್ ತುಂಬಾ ಕಮ್ಮಿ.

ನಾಝಲ್ ಮೇಲೆ ಅನುಮಾನ ಬೇಡ. ಲೋಹ ಕಾದು ಮಂದವಾಗಿ ಕೆಂಪಗೆ ಕಾಣೋಕೆ ಶುರುವಾಗೋದೇ ಸುಮಾರು 525 ಡಿಗ್ರಿಗೆ. 210 ಡಿಗ್ರಿಯಲ್ಲಿ ಅದು ಬಿಡೋ ಐಆರ್ ಎಲ್ಲ ತುಂಬಾ ಉದ್ದ ಅಲೆಯದ್ದು, ಈ ಸೆನ್ಸರ್‌ಗೆ ಅದು ಕಾಣೋದೇ ಇಲ್ಲ.

ಡಿಜಿಟಲ್ ಪಿನ್ ಬಿಟ್ಟು ಅನಲಾಗ್ ಪಿನ್ ಓದಿ (ಐಆರ್ ಜಾಸ್ತಿ ಬಿದ್ದಷ್ಟೂ ನಂಬರ್ ಇಳಿಯುತ್ತೆ), ನಾಳೆ ಇಡೀ ದಿನದ ನಂಬರ್ ಹಾಕಿ. ಸೊನ್ನೆ ಒಂದು ಇಟ್ಕೊಂಡು ಏನೂ ಕಂಡುಹಿಡಿಯಕ್ಕಾಗಲ್ಲ (ನಿಮ್ಮ ಹೆಸರಿಗೆ ಬೇಜಾರಾದ್ರೆ ಸಾರಿ).

ಹೊಸಬ್ರೆಡ್‌ಬೋರ್ಡ್ · ಸೋಮವಾರ ಬೆಳಗ್ಗೆ 8:05

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಸಾರಿ. ನಂದು ಉಲ್ಟಾ ಕತೆ, ಬೆಂಕಿ ಇಲ್ದಾಗ ಸೊನ್ನೆ, ಲೈಟರ್ ಹಿಡಿದ್ರೆ ಒಂದು. ಮಾಡ್ಯೂಲ್ ಹಾಳಾಗಿದ್ಯಾ?

ಪುಲ್‌ಅಪ್ · ಸೋಮವಾರ ಬೆಳಗ್ಗೆ 8:40

ಹಾಳಾಗಿಲ್ಲ. ಜಾಸ್ತಿ ಬೋರ್ಡಲ್ಲಿ ಬೆಂಕಿ ಕಂಡ್ರೆ ಸೊನ್ನೆ, ಕೆಲವದ್ರಲ್ಲಿ ಉಲ್ಟಾ ಇರುತ್ತೆ. ಇಂಟರ್ನೆಟ್ಟಲ್ಲಿ ಸಿಕ್ಕ ಕೋಡ್ ಹಂಗೇ ಹಾಕ್ಬೇಡಿ, ಮೊದ್ಲು ನಿಮ್ಮ ಬೋರ್ಡ್ ಏನು ಕೊಡುತ್ತೆ ಅಂತ ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸೋದನ್ನ ಕಂಪ್ಯೂಟರಲ್ಲಿ ತೋರಿಸೋ ಸ್ಕ್ರೀನ್) ನೋಡಿ ಆಮೇಲೆ ಬರೀರಿ.

ಸೊನ್ನೆಒಂದು · ಸೋಮವಾರ ರಾತ್ರಿ 9:15

ನಂಬರ್ ತಂದಿದೀನಿ. ಬೆಳಗ್ಗೆ ಹತ್ತಕ್ಕೆ 960 ಹತ್ರ ಆಡ್ತಾ ಇತ್ತು. ಮಧ್ಯಾಹ್ನ ಎರಡಕ್ಕೆ 820. ನಾಲ್ಕೂ ಹತ್ತಕ್ಕೆ 310!! ರಾತ್ರಿ ಈಗ 985. ಲೈಟರ್ ಅರ್ಧ ಮೀಟರ್ ದೂರದಲ್ಲಿ ಹಿಡಿದ್ರೆ 280. ಅಂದ್ರೆ ಬಿಸಿಲು 310, ಬೆಂಕಿ 280, ಇವೆರಡರ ಮಧ್ಯ ಗೆರೆ ಎಳೆಯೋದು ಹೆಂಗೆ ಸರ್? ಮೋಡ ಸ್ವಲ್ಪ ಆ ಕಡೆ ಈ ಕಡೆ ಹೋದ್ರೆ ಮುಗೀತು ಕತೆ.

ಪುಲ್‌ಅಪ್ · ಸೋಮವಾರ ರಾತ್ರಿ 9:48

ಗೆರೆ ಎಳೆಯಕ್ಕಾಗಲ್ಲ, ಅದೇ ವಿಷಯ. ಎಷ್ಟು ಬೆಳಕಿದೆ ಅಂತ ಕೇಳಿದ್ರೆ ಬಿಸಿಲೂ ಬೆಂಕಿಯೂ ಒಂದೇ ಉತ್ತರ ಕೊಡ್ತವೆ. ಬೆಳಕು ಹೆಂಗೆ ಅಲ್ಲಾಡ್ತಿದೆ ಅಂತ ಕೇಳ್ಬೇಕು. ಬಿಸಿಲು ಒಂದೇ ಸಮ ಇರುತ್ತೆ, ಬೆಂಕಿ ಕುಣಿಯುತ್ತೆ. ಸಾಮಾನ್ಯ ಬೆಂಕಿಯ ಕುಣಿತ ಸೆಕೆಂಡಿಗೆ ಒಂದರಿಂದ ಹದಿನೈದು ಸಲದ ಒಳಗೆ ಬರುತ್ತೆ ಅಂತ ಇಟ್ಕೊಳ್ಳಿ.

ಹಿಂಗೆ ಮಾಡಿ. ಒಂದು ಸಲ ಅನಲಾಗ್ ಓದಕ್ಕೆ ಯುನೊಗೆ ಸುಮಾರು 0.1 ಮಿಲಿಸೆಕೆಂಡ್ ಬೇಕು. 20 ಮಿಲಿಸೆಕೆಂಡ್ ತನಕ ಬಿಡದಂಗೆ ಓದ್ತಾ ಹೋದ್ರೆ 170-180 ರೀಡಿಂಗ್ ಸಿಗುತ್ತೆ, ಅವೆಲ್ಲ ಕೂಡಿಸಿ ಸರಾಸರಿ ತೆಗೆದು ಒಂದು ನಂಬರ್ ಮಾಡ್ಕೊಳ್ಳಿ. ಸೆಕೆಂಡಿಗೆ 50 ನಂಬರ್ ಆಯ್ತು. 20 ಮಿಲಿಸೆಕೆಂಡೇ ಯಾಕೆ ಅಂದ್ರೆ 50 ಹರ್ಟ್ಸ್ ಕರೆಂಟಲ್ಲಿ ಉರಿಯೋ ತಂತಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ, 20 ಮಿಲಿಸೆಕೆಂಡಲ್ಲಿ ಸರಿಯಾಗಿ ಎರಡು ಸುತ್ತು, ಸರಾಸರಿ ತೆಗೆದ್ರೆ ಅದು ಪೂರ್ತಿ ಹೊಡೆದುಹೋಗುತ್ತೆ. 60 ಹರ್ಟ್ಸ್ ಇರೋ ಕಡೆ ಆದ್ರೆ 16.7 ಮಿಲಿಸೆಕೆಂಡ್ ಹಿಡೀಬೇಕು. ಆಮೇಲೆ ಕೊನೇ ಮೂರು ಸೆಕೆಂಡಿನ 150 ನಂಬರ್ ಒಂದು ಅರೇನಲ್ಲಿ ಇಟ್ಕೊಂಡು ಅವುಗಳ ಸರಾಸರಿಯಿಂದ ಪ್ರತಿಯೊಂದೂ ಎಷ್ಟು ದೂರ ಹೋಗ್ತಿದೆ ಅಂತ ಲೆಕ್ಕ ಹಾಕಿ. ಬರೀ ಬಿಸಿಲಿದ್ರೆ ಈ ಅಲ್ಲಾಟ ಎರಡೋ ಮೂರೋ ಇರುತ್ತೆ, ಬೆಂಕಿ ಇದ್ರೆ ಅದರ ಎಷ್ಟೋ ಪಟ್ಟು. 150 ನಂಬರಿಗೆ 300 ಬೈಟ್, ಯುನೊದಲ್ಲಿ 2048 ಬೈಟ್ ರ‍್ಯಾಮ್ ಇದೆ, ಚಿಂತೆ ಇಲ್ಲ.

ಇನ್ನೊಂದು, ನಿಮ್ಮ ಕೋಡಲ್ಲಿ ಬಜರ್ ಕೂಗ್ಸಕ್ಕೆ ಡಿಲೇ ಹಾಕಿರ್ತೀರ, ನೋಡ್ದೇನೇ ಹೇಳ್ತೀನಿ. ಕಿತ್ತು ಬಿಸಾಕಿ. ಡಿಲೇ ನಡೀತಿರೋ ತನಕ ಬೋರ್ಡ್ ಕುರುಡು. ಮಿಲಿಸ್ (ಬೋರ್ಡ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಎಣಿಸೋ ಕೌಂಟರ್) ಇಟ್ಕೊಂಡು ಟೈಮ್ ನೋಡಿ, ಈಗಿನ ಟೈಮಲ್ಲಿ ಹಿಂದಿನ ಟೈಮ್ ಕಳೆದು ಹೋಲಿಸಿ, ಕೂಡಿ ಹೋಲಿಸ್ಬೇಡಿ, ಇಲ್ಲಾಂದ್ರೆ ಸುಮಾರು 49.7 ದಿನ ಆದ್ಮೇಲೆ ಕೌಂಟರ್ ಸೊನ್ನೆಗೆ ತಿರುಗಿದಾಗ ಎಡವಟ್ಟಾಗುತ್ತೆ.

ಬೋರ್ಡುಸುಟ್ಟವ · ಸೋಮವಾರ ರಾತ್ರಿ 10:30

ಆ 20 ಮಿಲಿಸೆಕೆಂಡಿನ ಮಾತನ್ನು ಸಸಾರ ಮಾಡ್ಬೇಡ ಮಾರಾಯ, ನಾನು ಅದರಲ್ಲೇ ಬಿದ್ದು ಎದ್ದವ. ಎರಡು ವರ್ಷದ ಹಿಂದೆ ಇದನ್ನೇ ಮಾಡ್ಲಿಕ್ಕೆ ಹೋಗಿದ್ದೆ, ನಾನು ಸರಾಸರಿ ಗಿರಾಸರಿ ಎಂತದ್ದೂ ಮಾಡ್ಲಿಲ್ಲ, 100 ಮಿಲಿಸೆಕೆಂಡಿಗೊಮ್ಮೆ ಒಂದು ರೀಡಿಂಗ್ ತಗೊಳ್ಳುವುದು, ಪ್ರಿಂಟ್ ಮಾಡುವುದು. ಟೇಬಲ್ ಮೇಲೆ ಒಂದು ತಂತಿ ಬಲ್ಬು ಉರೀತಿತ್ತು. ಗ್ರಾಫ್ ನೋಡಿದ್ರೆ ಚೆಂದದ ಅಲೆ, ಸೆಕೆಂಡಿಗೆ ನಾಲ್ಕು ಸಲ ಏರಿ ಇಳೀತದೆ, ಸಾಕ್ಷಾತ್ ಬೆಂಕಿಯೇ! ಬೆಂಕಿ ಎಲ್ಲಿಯೂ ಇಲ್ಲ. ಮೂರು ದಿವಸ ತಲೆ ಕೆರ್ಕೊಂಡೆ. ಆಮೇಲೆ ಗೊತ್ತಾಯ್ತು, ಸೀರಿಯಲ್ ಪ್ರಿಂಟಿಗೆಲ್ಲ ಟೈಮ್ ಹಿಡಿದು ನನ್ನ 100 ಮಿಲಿಸೆಕೆಂಡ್ ನಿಜಕ್ಕೂ 104 ಆಗ್ತಿತ್ತು. 104ರಲ್ಲಿ ಬಲ್ಬು 10.4 ಸುತ್ತು ಮುಗಿಸ್ತದೆ, ಹಾಗಾಗಿ ಪ್ರತೀ ಸಲ ನಾನು ನೋಡುವಾಗ ಅಲೆ 0.4 ಸುತ್ತು ಮುಂದೆ ಇರ್ತದೆ, ಲೆಕ್ಕ ಹಾಕಿದ್ರೆ ಸುಮಾರು 3.8 ಹರ್ಟ್ಸಿನ ಸುಳ್ಳು ಅಲೆ. ಇಲ್ಲದ ಬೆಂಕಿಯನ್ನು ನಾನೇ ಕೋಡಲ್ಲಿ ಹುಟ್ಟಿಸಿದ್ದು ಅಂತ ಲೆಕ್ಕ. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣ್ತದಲ್ಲ, ಅದೇ ಆಟ.

ಮಿಣುಕು · ಸೋಮವಾರ ರಾತ್ರಿ 10:41

😂😂 ಇಲ್ಲದ ಬೆಂಕಿ

ಸೊನ್ನೆಒಂದು · ಬುಧವಾರ ರಾತ್ರಿ 8:55

ಪುಲ್‌ಅಪ್ ಸರ್, ಹೌದು ಡಿಲೇ ಇತ್ತು, ಒಂದಲ್ಲ ನಾಲ್ಕು ಕಡೆ 🙏 ಎಲ್ಲ ಕಿತ್ತು ನೀವು ಹೇಳ್ದಂಗೇ ಬರ್ದೆ. ಬಿಸಿಲಿಗೆ ಅಲ್ಲಾಟ 3, ಲೈಟರ್‌ಗೆ 45ರ ಮೇಲೆ. 15 ದಾಟಿದ್ರೆ ಬೆಂಕಿ ಅಂತ ಇಟ್ಟೆ. ನಿನ್ನೆ ಸಾಯಂಕಾಲ ನಾಲ್ಕಾಯ್ತು, ಸುಮ್ನಿತ್ತು. ನಾಲ್ಕೂವರೆ, ಸುಮ್ನಿತ್ತು. ಖುಷಿಯಾಗಿ ಎದ್ದೋದೆ.

ಇವತ್ತು ನಾಲ್ಕಕ್ಕೆ ಮತ್ತೆ ಹೊಡ್ಕೊಳ್ತು. ನಿನ್ನೆಗೂ ಇವತ್ತಿಗೂ ಕೋಡಲ್ಲಿ ಒಂದಕ್ಷರ ಬದಲಾಗಿಲ್ಲ, ಬಿಸಿಲೂ ಅಷ್ಟೇ ಇತ್ತು. ಅಲ್ಲಾಟ 38 ತೋರಿಸ್ತಿದೆ. ಸಾಕಾಯ್ತು.

ಮಿಣುಕು · ಬುಧವಾರ ರಾತ್ರಿ 9:02

ಫ್ಯಾನ್ ಹಾಕಿದ್ಯಾ?

ಸೊನ್ನೆಒಂದು · ಬುಧವಾರ ರಾತ್ರಿ 9:03

ಹಾ ಇವತ್ತು ಸೆಖೆ ಜಾಸ್ತಿ ಇತ್ತು ಅಂತ ಹಾಕಿದ್ದೆ. ಯಾಕೆ?

ಸೊನ್ನೆಒಂದು · ಬುಧವಾರ ರಾತ್ರಿ 9:04

ಅಯ್ಯೋ

ಮಿಣುಕು · ಬುಧವಾರ ರಾತ್ರಿ 9:10

ಹ್ಞೂ ಅದೇ. ಮೂರು ರೆಕ್ಕೆ ಬಿಸಿಲಿಗೆ ಅಡ್ಡ ಬಂದು ಬಂದು ಹೋಗುತ್ತೆ, ಗೋಡೆ ಮೇಲೆ ನೆರಳು ಟಕ ಟಕ ಅಂತ ಹೊಡೆಯುತ್ತೆ. ಸೆನ್ಸರ್‌ಗೆ ಇನ್ನೇನು ಬೇಕು. ಪಾಟ್ ತಿರುಗಿಸು ಅಂದಿದ್ದಕ್ಕೆ ಪ್ರಾಯಶ್ಚಿತ್ತ ಆಯ್ತು ನಂದು.

ಸೊನ್ನೆಒಂದು · ಗುರುವಾರ ಸಂಜೆ 6:20

ಇವತ್ತು ಫ್ಯಾನ್ ಹಾಕಿ ಆಫ್ ಮಾಡಿ ಹಾಕಿ ನೋಡ್ದೆ, ಡೌಟೇ ಇಲ್ಲ ಅದೇ. ಒಂದು ಏರಿಕೆಯಿಂದ ಮುಂದಿನ ಏರಿಕೆಗೆ ಎಷ್ಟು ಮಿಲಿಸೆಕೆಂಡ್ ಅಂತ ಪ್ರಿಂಟ್ ಮಾಡಿಸ್ದೆ: 80, 80, 80, 80, 100, 80, 80, 60, 80. 80 ಅಂದ್ರೆ ಸೆಕೆಂಡಿಗೆ 12.5 ಸಲ, ಮೂರು ರೆಕ್ಕೆಗೆ ಭಾಗಿಸಿದ್ರೆ ಫ್ಯಾನ್ ನಿಮಿಷಕ್ಕೆ 250 ಸುತ್ತು. ಬೆಂಕಿ ಹುಡುಕಕ್ಕೆ ಹೋಗಿ ಫ್ಯಾನ್ ಸ್ಪೀಡ್ ಅಳೆಯೋ ಮೀಟರ್ ಮಾಡ್ಬಿಟ್ಟೆ.

ಪುಲ್‌ಅಪ್ · ಗುರುವಾರ ರಾತ್ರಿ 7:45

ಚೆನ್ನಾಗಿ ಅಳೆದಿದೀರ. ಉತ್ತರ ಆ ನಂಬರಲ್ಲೇ ಇದೆ. ಫ್ಯಾನು ಮಿಲಿಟರಿ ಪರೇಡ್ ತರ, ಬೆಂಕಿ ಜಾತ್ರೆ ಗುಂಪಿನ ತರ. ಬೆಂಕಿಯ ಅಂತರ 140, 260, 180, 100, 320 ಹಿಂಗೆ ಎತ್ತೆತ್ತಲೋ ಹೋಗ್ತಿರುತ್ತೆ. ಅಂತರಗಳು ತುಂಬಾ ಒಂದೇ ಸಮ ಇದ್ರೆ ಅದು ಯಂತ್ರ, ತಳ್ಳಿಹಾಕಿ. ಎರಡು ಸಾಲಿನ ಕೋಡ್.

ಹಳೇವೈರು · ಗುರುವಾರ ರಾತ್ರಿ 8:30

ಸ್ವಲ್ಪ ತಡ್ಕೊಳ್ರಿ, ಇಲ್ಲಿ ನಾ ಒಪ್ಪಂಗಿಲ್ಲ. ಫ್ಯಾನ್ ತಿರುಗಾಕತ್ತೈತಿ, ಬಿಸಿಲ ಬಿದ್ದೈತಿ, ಅದೇ ಹೊತ್ತಿಗೆ ಪ್ರಿಂಟರಿಗೆ ಖರೇನ ಬೆಂಕಿ ಹತ್ತಿತು ಅಂತ ತಿಳ್ಕೊಳ್ರಿ. ಬೆಂಕಿ ಇನ್ನಾ ಸಣ್ಣದ ಇರತೈತಿ, ಫ್ಯಾನಿನ ಅಲೆ ದೊಡ್ಡದು, ನಿಮ್ಮ ಕೋಡು ಪರೇಡ್ ನೋಡಿ "ಹಾಂ ಇದು ಯಂತ್ರ" ಅಂತ ಹೇಳಿ ಬೆಂಕೀನೂ ತಳ್ಳಿ ಹಾಕತೈತಿ. ಸುಳ್ಳ ಅಲಾರ್ಮ್ ಬಂದ್ರ ಒಂದು ಪ್ರಿಂಟ್ ಹೋಗತೈತಿ. ಬೆಂಕಿ ತಪ್ಪಿದ್ರ ಏನ ಹೋಗತೈತಿ ಅನ್ನೂದು ನಾ ಹೇಳೂದು ಬ್ಯಾಡ.

ಇನ್ನೊಂದು. ಬಿಸಿಲ ನೇರ ಬಿದ್ದು ಅನಲಾಗ್ ನಂಬರ 20, 30ಕ್ಕ ಇಳೀತು ಅಂದ್ರ ಆ ಟ್ರಾನ್ಸಿಸ್ಟರ್ ತಳಾ ಮುಟ್ಟೈತಿ ಅಂತ ಅರ್ಥ. ಆಮ್ಯಾಲ ಬೆಂಕಿ ಎಷ್ಟು ಕುಣಿದ್ರೂ ನಂಬರ ಅಲ್ಲಾಡಂಗಿಲ್ಲ. ನಿಮ್ಮ ಕೋಡಿಗೆ ಅಲ್ಲಾಟ ಕಾಣಂಗಿಲ್ಲ, "ಎಲ್ಲಾ ಅರಾಮ ಐತಿ" ಅಂತ ಹೇಳತೈತಿ. ಕಣ್ಣ ಕುಕ್ಕಿ ಕುರುಡಾದಾಗ ಅರಾಮ ಐತಿ ಅನ್ನಬಾರದು, ಫಾಲ್ಟ್ ಐತಿ ಅನ್ನಬೇಕು. ನಮ್ಮ ಪ್ಯಾನೆಲ್ಲಿನೊಳಗ ಫೈರ್ ಬ್ಯಾರೆ ಲೈಟು, ಫಾಲ್ಟ್ ಬ್ಯಾರೆ ಲೈಟು. ನೀನೂ ಹಂಗ ಮಾಡ ತಮ್ಮಾ.

ದೊಡ್ಡ ಕಾರ್ಖಾನಿಯೊಳಗ ಹಾಕೂ ಡಿಟೆಕ್ಟರ್ ಈ ಬೆಳಕಿನ ಗೊಡವಿಗೇ ಹೋಗಂಗಿಲ್ಲ. ಯುವಿ ನಮೂನಿದು 185ರಿಂದ 260 ನ್ಯಾನೊಮೀಟರ್ ಅಷ್ಟ ನೋಡತೈತಿ, ಸೂರ್ಯನ ಆ ಬೆಳಕನ್ನ ಮ್ಯಾಲಿನ ಓಝೋನ್ ನುಂಗಿಬಿಡತೈತಿ, ನೆಲಕ್ಕ ಬರೂದೇ ಇಲ್ಲ, ಹಂಗಾಗಿ ಬಿಸಿಲೊಳಗೂ ಅದಕ್ಕ ಕತ್ತಲಿ. ಐಆರ್ ನಮೂನಿದು 4.3 ಮೈಕ್ರಾನ್ ಹತ್ರ ನೋಡತೈತಿ, ಬಿಸಿ ಕಾರ್ಬನ್ ಡೈಆಕ್ಸೈಡ್ ಅಲ್ಲೇ ಹೊಳೀತೈತಿ. ಮೂರು ಬ್ಯಾರೆ ಬ್ಯಾರೆ ಅಲೆ ಹೋಲಿಸಿ ನೋಡೂವೂ ಅದಾವ. ಅದೆಲ್ಲಾ ಮಾಡಿಯೂ ಅವರು ಕುಣಿತಾನೂ ನೋಡ್ತಾರ. ನಮ್ಮ ಕಪ್ಪು ಎಲ್‌ಇಡಿಗೆ ಆ ತಾಕತ್ತಿಲ್ಲ. ಹಂಗಾಗಿ ಬೆಳಕ ಒಳಗ ಬಿಟ್ಟು ಕೋಡಿನಾಗ ಗುದ್ದಾಡೂದ್ಕಿಂತ ಮದ್ಲ ಬೆಳಕ ತಡೀರಿ. ಸೆನ್ಸರಿಗೆ ಪ್ರಿಂಟರ್ ಬಿಟ್ಟು ಬ್ಯಾರೆ ಏನೂ ಕಾಣಬಾರದು.

ಪುಲ್‌ಅಪ್ · ಗುರುವಾರ ರಾತ್ರಿ 8:52

ಒಪ್ಕೊಂಡೆ. ಫ್ಯಾನಿನ ಅಲೆಯಡಿ ಬೆಂಕಿ ಮುಚ್ಚಿಹೋಗೋದು ನನಗೆ ಹೊಳೀಲಿಲ್ಲ. "ಎರಡು ಸಾಲಿನ ಕೋಡ್" ವಾಪಸ್ ತಗೊಂಡಿದೀನಿ.

ಬೋರ್ಡುಸುಟ್ಟವ · ಗುರುವಾರ ರಾತ್ರಿ 9:15

ಟಿವಿ ರಿಮೋಟಿನದ್ದೂ ಹೇಳ್ತೇನೆ. ಕ್ಯಾರಿಯರ್, ಅಂದ್ರೆ ಅದರ ಬೆಳಕು ಮಿನುಗುವ ವೇಗ, 38 ಕಿಲೊಹರ್ಟ್ಸ್, ಅದು ಸರಾಸರಿಯಲ್ಲಿ ಹೋಗ್ತದೆ ಅಂತ ನಾನು ಧೈರ್ಯವಾಗಿ ಇದ್ದೆ. ಆದ್ರೆ ಎನ್‌ಇಸಿ ಅಂತ ಒಂದು ಪ್ರೋಟೋಕಾಲ್ ಉಂಟು, ತುಂಬಾ ರಿಮೋಟಿನಲ್ಲಿ ಅದೇ ಇರುವುದು, ವಾಲ್ಯೂಮ್ ಬಟನ್ ಒತ್ತಿ ಹಿಡ್ಕೊಂಡ್ರೆ ಸುಮಾರು 110 ಮಿಲಿಸೆಕೆಂಡಿಗೊಮ್ಮೆ ರಿಪೀಟ್ ಕಳಿಸ್ತದೆ. ಸೆಕೆಂಡಿಗೆ ಒಂಬತ್ತು ಸಲ! ಸರಿಯಾಗಿ ಬೆಂಕಿಯ ಗೆರೆಯ ಒಳಗೇ. ಯಾರೋ ಸೌಂಡ್ ಜಾಸ್ತಿ ಮಾಡಿದ್ರೆ ನನ್ನ ಬಜರ್ ಇನ್ನೂ ಸೌಂಡ್ ಜಾಸ್ತಿ ಮಾಡ್ತಿತ್ತು.

ಅದಕ್ಕೆ ನಾನು ಅಲ್ಲಾಟ ಐದು ಸೆಕೆಂಡ್ ಬಿಡದೆ ಇದ್ರೆ ಮಾತ್ರ ಬೆಂಕಿ ಅಂತ ಮಾಡಿದ್ದೆ. ಐದು ಸೆಕೆಂಡ್ ವಾಲ್ಯೂಮ್ ಒತ್ತಿ ಹಿಡಿಯುವವರು ಕಡಿಮೆ.

ಹಳೇವೈರು · ಗುರುವಾರ ರಾತ್ರಿ 9:40

ಐದು ಸೆಕೆಂಡ್ ಅಡ್ಡಿಯಿಲ್ಲ. ಟೆಸ್ಟ್ ಮಾಡೂ ಮುಂದ ಒಂದು ಮಾತು ನೆನಪಿಡ್ರಿ. ಎಲ್ಲಾರೂ ಮೇಣದಬತ್ತಿ ಹಚ್ಚಿ ಟೆಸ್ಟ್ ಮಾಡ್ತಾರ. ಗಾಳಿ ಇಲ್ಲದ ಕ್ವಾಣ್ಯಾಗ ಮೇಣದಬತ್ತಿ ಜ್ವಾಲಿ ಅಲ್ಲಾಡೂದೇ ಇಲ್ಲ, ಚಿತ್ರ ಬರದಂಗ ನಿಂತಿರತೈತಿ. ಕುಣಿತ ನೋಡೂ ಕೋಡಿಗೆ ಅದು ಬೆಂಕೀನ ಅಲ್ಲ. ನೀವು ಕೋಡ್ ತಪ್ಪೈತಿ ಅಂತ ಹೇಳಿ ಲಿಮಿಟ್ ಇಳಿಸ್ತಾ ಹೋಗ್ತೀರಿ, ಮತ್ತ ಫ್ಯಾನು, ಮತ್ತ ರಿಮೋಟು.

ಬೆಂಕಿ ಅಗಲ ಆದಂಗ ಕುಣಿತ ನಿಧಾನ ಆಗತೈತಿ. ಲೆಕ್ಕ ಸರಳ ಐತಿ: ಬೆಂಕಿಯ ಅಡ್ಡಗಲ ಮೀಟರ್‌ನ್ಯಾಗ ಹಿಡಿದು ಅದರ ವರ್ಗಮೂಲ ತಗೀರಿ, 1.5ನ್ನ ಅದರಿಂದ ಭಾಗಿಸ್ರಿ, ಅಷ್ಟು ಹರ್ಟ್ಸ್. 10 ಸೆಂಟಿಮೀಟರ್ ಅಗಲದ ಬೆಂಕಿ 4.7 ಹರ್ಟ್ಸ್ ಹತ್ರ, ಒಂದು ಮೀಟರಿಂದು 1.5. ಉರಿಯೂದು ಯಾವುದರ ಇರಲಿ, ಹೆಚ್ಚು ಕಡಿಮಿ ಇಷ್ಟೇ. ಹಂಗಾಗಿ ಮೂರು ಸೆಕೆಂಡಿನ ನಂಬರ ಒಟ್ಟಿಗೆ ನೋಡೂದು ಇಟ್ಟದ್ದು ಛಲೋ ಆತು, ಅರ್ಧ ಸೆಕೆಂಡ್ ಇಟ್ಟಿದ್ರ ದೊಡ್ಡ ಬೆಂಕೀನ ಕಾಣ್ತಿರಲಿಲ್ಲ.

ಸೊನ್ನೆಒಂದು · ಭಾನುವಾರ ಮಧ್ಯಾಹ್ನ 1:30

ಎಲ್ರ ಮಾತೂ ಕೇಳಿ ಎರಡು ದಿನ ಕೂತು ಮಾಡ್ದೆ, ಹೇಳ್ತೀನಿ ಕೇಳಿ.

ಮೊದ್ಲು ಸೆನ್ಸರ್ ಜಾಗ ಬದಲಾಯಿಸ್ದೆ. ಮುಂಚೆ ಟೇಬಲ್ ತುದೀಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿತ್ತು, ಈಗ ಪ್ರಿಂಟರ್ ಮೇಲ್ಗಡೆ ಫ್ರೇಮಿಗೆ ಕಟ್ಟಿ ಕೆಳಗಡೆ ಬೆಡ್ (ಪ್ರಿಂಟ್ ಕೂರೋ ತಟ್ಟೆ) ನೋಡೋ ತರ ಇಟ್ಟಿದೀನಿ. ಸೆನ್ಸರ್‌ಗೆ ಸುಮಾರು 60 ಡಿಗ್ರಿ ಕೋನದಷ್ಟು ಅಗಲ ಕಾಣುತ್ತೆ ಅಂತ ಓದಿದ್ದೆ, ಅದಕ್ಕೆ 4 ಸೆಂಟಿಮೀಟರ್ ಉದ್ದದ ಕೊಳವೆ ಒಂದು ಪ್ರಿಂಟ್ ಮಾಡಿ ತೊಡಿಸ್ದೆ. ಇಲ್ಲೊಂದು ತಮಾಷೆ. ಕಪ್ಪು ಪ್ಲಾಸ್ಟಿಕ್ಕಲ್ಲೇ ಪ್ರಿಂಟ್ ಮಾಡಿದ್ದೆ, ಆದ್ರೂ ನಂಬರ್ ಅಷ್ಟೊಂದು ಬದಲಾಗ್ಲಿಲ್ಲ. ರಿಮೋಟ್ ತಗೊಂಡು ಕೊಳವೆ ಹೊರಗಿಂದ ಒತ್ತಿ ಇನ್ನೊಂದು ಕಡೆಯಿಂದ ಮೊಬೈಲ್ ಮುಂದಿನ ಕ್ಯಾಮೆರಾದಲ್ಲಿ ನೋಡ್ದೆ, ಗೋಡೆ ದಾಟಿ ಬೆಳಕು ಒಳಗೆ ಕಾಣ್ತಾ ಇದೆ! ನಮ್ಮ ಕಣ್ಣಿಗೆ ಕಪ್ಪು ಐಆರ್‌ಗೆ ಕಪ್ಪಲ್ಲ. ಸುತ್ತ ಅಲ್ಯೂಮಿನಿಯಂ ಟೇಪ್ ಸುತ್ತಿದ್ಮೇಲೆ ಸರಿಯಾಯ್ತು. ಕಿಟಕಿ ಕಡೆ ಇರೋ ಪಾರದರ್ಶಕ ಅಕ್ರಿಲಿಕ್‌ಗೆ ಒಂದು ರಟ್ಟು ಅಂಟಿಸ್ದೆ.

ನಿನ್ನೆ ಸಾಯಂಕಾಲ ನಾಲ್ಕು ಹತ್ತು, ಫ್ಯಾನ್ ಫುಲ್ ಸ್ಪೀಡು: ಲೆವೆಲ್ 905, ಅಲ್ಲಾಟ 4. ಇಷ್ಟು ದಿನದ ಕೋಡಿಗಿಂತ ಒಂದು ರಟ್ಟು ಜಾಸ್ತಿ ಕೆಲಸ ಮಾಡ್ತು ಅಂತ ಒಪ್ಕೊಳಕ್ಕೆ ಸ್ವಲ್ಪ ಕಷ್ಟ ಆಗ್ತಿದೆ.

ಕೋಡಲ್ಲಿ ಈಗ ಮೂರು ಸ್ಥಿತಿ. ಅಲ್ಲಾಟ 15ರ ಮೇಲೆ ಐದು ಸೆಕೆಂಡ್ ಇದ್ರೆ ಬೆಂಕಿ. ಲೆವೆಲ್ 40ಕ್ಕಿಂತ ಕೆಳಗೆ ಬಿದ್ದು ಅಲ್ಲೇ ಕೂತ್ರೆ ಫಾಲ್ಟ್. ಇಲ್ದಿದ್ರೆ ಓಕೆ. ಬೆಂಕಿ ಅಂತ ಒಂದು ಸಲ ಆದ್ರೆ ನಾನು ಬಂದು ಬಟನ್ ಒತ್ತೋ ತನಕ ವಾಪಸ್ ಓಕೆ ಆಗಲ್ಲ. ಟೆಸ್ಟಿಗೆ ಪ್ರಿಂಟರ್ ಪಕ್ಕಕ್ಕಿಟ್ಟು ಸೆನ್ಸರ್ ಮಾತ್ರ ಹೊರಗಡೆ ನೆರಳಲ್ಲಿ ಸ್ಟ್ಯಾಂಡಿಗೆ ಕಟ್ಟಿ, ತಗಡಿನ ಡಬ್ಬೀಲಿ ಎಣ್ಣೆ ಬಟ್ಟೆ ಹಚ್ಚಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಕೊಂಡು ಮಾಡ್ದೆ. ಅಲ್ಲಾಟ 120 ತನಕ ಹೋಯ್ತು, ಐದನೇ ಸೆಕೆಂಡಿಗೆ ರಿಲೇ ಟಕ್ ಅಂತು.

ಹಳೇವೈರು · ಭಾನುವಾರ ಮಧ್ಯಾಹ್ನ 2:10

ಶಾಬಾಶ್. ಈಗ ರಿಲೇದ್ದು ಹೇಳು. ಬೆಂಕಿ ಹತ್ತಿದಾಗ ರಿಲೇ ಆನ್ ಆಗತೈತೋ, ಆಫ್ ಆಗತೈತೋ?

ಸೊನ್ನೆಒಂದು · ಭಾನುವಾರ ಮಧ್ಯಾಹ್ನ 2:14

ಬೆಂಕಿ ಬಂದ್ರೆ ಆನ್ ಆಗಿ ಕಟ್ ಮಾಡುತ್ತೆ ಸರ್. ಪ್ರಿಂಟರ್ ವೈರು ಎನ್‌ಸಿ ಕಾಂಟ್ಯಾಕ್ಟಲ್ಲಿದೆ (ರಿಲೇ ಆಫ್ ಇದ್ದಾಗ ಕರೆಂಟ್ ಹರಿಯೋದು).

ಹಳೇವೈರು · ಭಾನುವಾರ ಮಧ್ಯಾಹ್ನ 2:30

ಹಂಗಾದ್ರ ನಿನ್ನ ಯುನೊ ಹ್ಯಾಂಗ್ ಆತು, ಅಡಾಪ್ಟರ್ ಸತ್ತಿತು, ರಿಲೇ ವೈರ ಕಿತ್ತಿತು, ಏನ ಆದ್ರೂ ಪ್ರಿಂಟರ್ ಓಡ್ಕೋತ ಇರತೈತಿ, ಕಾಯಾವ ಯಾರೂ ಇಲ್ಲ. ಎನ್‌ಒ ಕಾಂಟ್ಯಾಕ್ಟಿಗೆ ಹಾಕು, ರಿಲೇ ಆನ್ ಇದ್ದಾಗ ಅಷ್ಟ ಅದರಾಗ ಕರೆಂಟ್ ಹರೀತೈತಿ. ಎಲ್ಲಾ ಅರಾಮ ಇದ್ದಾಗ ಯುನೊ ರಿಲೇನ ಹಿಡಕೊಂಡಿರಬೇಕು, ಯುನೊ ಸತ್ರ ರಿಲೇ ಕೈ ಬಿಡಬೇಕು, ಪ್ರಿಂಟರ್ ನಿಲ್ಲಬೇಕು. ಹ್ಯಾಂಗ್ ಆದ್ರ ಎಬ್ಬಿಸಾಕ ವಾಚ್‌ಡಾಗ್ ಟೈಮರ್ ಹಾಕು. ಮೇನ್ಸ್ ವೈರ್ ಕೆಲಸ ತಿಳಿದವರ ಕೈಲೆ ಮಾಡಸು, ಬ್ರೆಡ್‌ಬೋರ್ಡ್ ಮ್ಯಾಲ ಅಂತೂ ಬ್ಯಾಡ್ವೇ ಬ್ಯಾಡ.

ಸೆನ್ಸರ್ ವೈರ ಕಿತ್ರ ಏನಾಗತೈತಿ ಅದೂ ನೋಡು. ನೀ ಮದ್ಲ ಬರದಿದ್ದ ಡಿಜಿಟಲ್ ಕೋಡಿಗೆ ಪುಲ್‌ಅಪ್ ರೆಸಿಸ್ಟರ್ (ಪಿನ್ನನ್ನ ಒಂದಕ್ಕ ಎಳದು ಹಿಡಿಯೂದು) ಇದ್ದು ವೈರ ಕಿತ್ರ ಪಿನ್ನಿನ ಮ್ಯಾಲ ಯಾವಾಗ್ಲೂ ಒಂದು, ಅಂದ್ರ "ಬೆಂಕಿ ಇಲ್ಲ". ಸತ್ತ ಸೆನ್ಸರೂ ಅರಾಮ ಐತಿ ಅಂತಿತ್ತು.

ಪುಲ್‌ಅಪ್ · ಭಾನುವಾರ ಮಧ್ಯಾಹ್ನ 3:05

ಇದಕ್ಕೆ ನನ್ನ ಕಡೆಯಿಂದ. ಅನಲಾಗ್ ಪಿನ್‌ಗೂ ಗ್ರೌಂಡಿಗೂ ಮಧ್ಯ ಒಂದು 1 ಮೆಗಾಓಮ್ ರೆಸಿಸ್ಟರ್ ಯುನೊ ಕಡೆಯ ತುದೀಲೇ ಹಾಕಿ. ವೈರ್ ಸರಿ ಇದ್ದಾಗ ಇದು ಲೆಕ್ಕಕ್ಕೇ ಬರಲ್ಲ, ಮಾಡ್ಯೂಲಿನ 10 ಕಿಲೊಓಮ್ ಗೆಲ್ಲುತ್ತೆ. ವೈರ್ ಕಿತ್ರೆ ಪಿನ್ ಸೊನ್ನೆಗೆ ಇಳಿದು ನಿಮ್ಮ "40ಕ್ಕಿಂತ ಕೆಳಗೆ" ಫಾಲ್ಟಿಗೆ ತಾನಾಗೇ ಬೀಳುತ್ತೆ. ಜೊತೆಗೆ ಕೊಳವೆ ಬಾಯಲ್ಲಿ ಒಂದು 940 ನ್ಯಾನೊಮೀಟರ್ ಐಆರ್ ಎಲ್‌ಇಡಿ ಸೆನ್ಸರ್ ಕಡೆ ಮುಖ ಮಾಡಿ ಅಂಟಿಸಿ, 220 ಓಮ್ ರೆಸಿಸ್ಟರ್ ಮರೀಬೇಡಿ. ಗಂಟೆಗೊಂದು ಸಲ ಅರ್ಧ ಸೆಕೆಂಡ್ ಉರಿಸಿ ನಂಬರ್ ಎಷ್ಟು ಇಳೀತು ನೋಡಿ, ಇಳೀಲಿಲ್ಲ ಅಂದ್ರೆ ಸೆನ್ಸರ್ ಸತ್ತಿದೆ ಅಥವಾ ಧೂಳು ಕೂತಿದೆ. ಆ ಅರ್ಧ ಸೆಕೆಂಡಿನ ನಂಬರ್ ಅಲ್ಲಾಟದ ಲೆಕ್ಕಕ್ಕೆ ಸೇರಿಸ್ಬೇಡಿ ಮತ್ತೆ.

ಹೊಸಬ್ರೆಡ್‌ಬೋರ್ಡ್ · ಭಾನುವಾರ ಸಂಜೆ 5:50

ನಾನು ಸ್ಪಿರಿಟ್ ಲ್ಯಾಂಪ್ ಹಚ್ಚಿ ಟೆಸ್ಟ್ ಮಾಡ್ತಿದೀನಿ, ನಂಬರ್ ಅಲ್ಲಾಡೋದೇ ಇಲ್ಲ ಅನ್ನಂಗಿದೆ, ಲೈಟರ್‌ಗೆ ಮಾತ್ರ ಚೆನ್ನಾಗಿ ಬೀಳುತ್ತೆ. ಇಎಸ್‌ಪಿ32 ಬೋರ್ಡು, ವೈಫೈ ಆನ್ ಮಾಡಿದ್ರೆ ಅನಲಾಗ್ ರೀಡಿಂಗೇ ಬರಲ್ಲ, ಅದೊಂದು ಬೇರೆ.

ಪುಲ್‌ಅಪ್ · ಭಾನುವಾರ ಸಂಜೆ 6:15

ಎರಡೂ ನಾರ್ಮಲ್. ಲೈಟರ್ ಜ್ವಾಲೆ ಹಳದಿ ಇರೋದು ಅದರೊಳಗಿನ ಮಸಿ ಕಣ ಕಾದು ಹೊಳೆಯೋದ್ರಿಂದ, ಸೆನ್ಸರ್‌ಗೆ ಬೇಕಾದ ಐಆರ್ ಬರೋದೂ ಅಲ್ಲಿಂದಲೇ. ಸ್ಪಿರಿಟ್ಟಿನ ನೀಲಿ ಜ್ವಾಲೇಲಿ ಮಸಿ ಇಲ್ಲ, ಬಿಸಿ ಇದ್ರೂ ಇದರ ಕಣ್ಣಿಗೆ ಹೆಚ್ಚುಕಮ್ಮಿ ಕಾಣಲ್ಲ. ಪ್ಲಾಸ್ಟಿಕ್ ಉರಿದ್ರೆ ಮಸಿ ಕಾರುತ್ತೆ, ಹಂಗಾಗಿ ಪ್ರಿಂಟರಿಗೆ ಈ ಸೆನ್ಸರ್ ನಡೆಯುತ್ತೆ. ಸ್ಪಿರಿಟ್ ಇಡೋ ಜಾಗಕ್ಕೆ ಇದನ್ನ ನಂಬ್ಕೊಂಡು ಕೂರ್ಬೇಡಿ.

ಇಎಸ್‌ಪಿ32ನಲ್ಲಿ ಅನಲಾಗ್ ಓದೋ ಪಿನ್‌ಗಳು ಎರಡು ಗುಂಪು, ಎಡಿಸಿ2 ಗುಂಪಿನ ಪಿನ್‌ಗಳು ವೈಫೈ ಜೊತೆ ಕೆಲಸ ಮಾಡಲ್ಲ, 32ರಿಂದ 39ರೊಳಗಿನ ಎಡಿಸಿ1 ಪಿನ್‌ಗೆ ಹಾಕಿ. ಮಾಡ್ಯೂಲಿಗೆ 3.3 ವೋಲ್ಟೇ ಕೊಡಿ, 5 ಕೊಟ್ರೆ ಅನಲಾಗ್ ಪಿನ್ ಸುಡಬಹುದು. 12 ಬಿಟ್ ಅಂದ್ರೆ ನಂಬರ್ 4095 ತನಕ ಹೋಗುತ್ತೆ, ಯುನೊದಲ್ಲಿ 1023 ತನಕ ಮಾತ್ರ, ಅವ್ರ 15 ನಿಮಗೆ ಸುಮಾರು 60 ಆಗುತ್ತೆ, ಕಾಪಿ ಹೊಡೆಯುವಾಗ ನೋಡ್ಕೊಳ್ಳಿ.

ಬೋರ್ಡುಸುಟ್ಟವ · ಭಾನುವಾರ ಸಂಜೆ 6:22

ಸುಡುವ ವಿಷಯದಲ್ಲಿ ನನ್ನ ಹೆಸರೇ ಸಾಕ್ಷಿ.

ಹಳೇವೈರು · ಭಾನುವಾರ ರಾತ್ರಿ 8:00

ಪ್ಲಾಸ್ಟಿಕ್ ಬೆಂಕಿ ಜ್ವಾಲಿ ಬರೂಕಿಂತ ಮದ್ಲ ಭಾಳ ಹೊತ್ತು ಹೊಗಿ ಆಡತೈತಿ, ವೈರ ಸುಟ್ರೂ ಹಂಗ. ಹೊಗಿ ಈ ಸೆನ್ಸರಿಗೆ ಕಾಣಂಗಿಲ್ಲ. ಅದಕ್ಕ ಕ್ವಾಣ್ಯಾಗ ಒಂದು ಸರ್ಟಿಫೈಡ್ ಸ್ಮೋಕ್ ಅಲಾರ್ಮ್ ಬ್ಯಾರೆ ಇರ್ಲಿ, ಅದನ್ನ ನಿನ್ನ ಬೋರ್ಡಿಗೆ ಜೋಡಸೂದೂ ಬ್ಯಾಡ, ಅದರಪಾಡಿಗೆ ಅದು ಇರ್ಲಿ.

ಸೊನ್ನೆಒಂದು · ಮೂರು ವಾರ ಆದ್ಮೇಲೆ, ಶನಿವಾರ ಬೆಳಗ್ಗೆ 7:35

ಅಪ್‌ಡೇಟ್. ಎನ್‌ಒಗೆ ಬದಲಾಯಿಸ್ದೆ (ವೈರಿಂಗ್ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸ್ದೆ), 1 ಮೆಗಾಓಮ್ ಹಾಕ್ದೆ, ಸ್ಮೋಕ್ ಅಲಾರ್ಮ್ ತಂದೆ, ಗಂಟೆಗೊಂದು ಸೆಲ್ಫ್ ಟೆಸ್ಟೂ ಓಡ್ತಿದೆ. ಮೂರು ವಾರದಲ್ಲಿ ಒಂದೂ ಸುಳ್ಳು ಅಲಾರ್ಮ್ ಇಲ್ಲ.

ಇವತ್ತು ಬೆಳಗಿನ ಜಾವ ಫಾಲ್ಟ್ ಲೈಟ್ ಹತ್ತಿತ್ತು. ಲಾಗ್ ನೋಡಿದ್ರೆ ಟೆಸ್ಟ್ ಎಲ್‌ಇಡಿ ಉರಿದಾಗ ದಿನಾ 400 ಇಳೀತಿದ್ದ ನಂಬರ್ ಮೊನ್ನೆ 310, ನಿನ್ನೆ 220, ಇವತ್ತು 90. ಸೆನ್ಸರ್ ಹೋಯ್ತು ಅಂದ್ಕೊಂಡು ಹೊಸದು ತೆಗೆದಿಟ್ಕೊಂಡು ಕೊಳವೆ ಬಿಚ್ಚಿದ್ರೆ, ಒಳಗಡೆ ಜೇಡ ಗೂಡು ಕಟ್ಟಿದೆ, ಬೆಳ್ಳಗೆ ಹತ್ತಿ ತರ, ಸೆನ್ಸರ್ ತಲೆಗೆ ಸರಿಯಾಗಿ ಅಡ್ಡ. ಜೇಡನೂ ಇತ್ತು, ಸಣ್ಣದು. ಪೇಪರ್ ಮೇಲೆ ಹತ್ತಿಸ್ಕೊಂಡು ಕಿಟಕಿ ಹೊರಗೆ ಬಿಟ್ಟು ಬಂದೆ. ಈಗ 405 ಇಳೀತಿದೆ.

ಹಳೇವೈರು · ಶನಿವಾರ ಬೆಳಗ್ಗೆ 8:10

ನಮ್ಮ ಡಿಟೆಕ್ಟರ್‌ನ್ಯಾಗೂ ಅವ್ವೇ ಕಾಟ ಕೊಡ್ತಾವ. ವಾರಕ್ಕೊಮ್ಮೆ ಕೊಳವಿ ಬಾಯಿ ಬ್ರಶ್‌ಲೆ ಝಾಡಸು.